ಅಕ್ಕ ಬಿಟ್ಟ ಜೀರಿಗೆ

ಮದುವೆಯಾಗಿ ಶೆಟಗೇರಿಯ ಮನೆಗೆ ಬಂದ ಮೂರನೆಯ ದಿನ ನಾನು ಅಡುಗೆಮನೆಯಲ್ಲಿ ನಿಂತು, ಜೀರಿಗೆ ಎಲ್ಲಿದೆ ಎಂದು ಅತ್ತೆಯನ್ನು ಕೇಳಿದೆ. ಕೇಳಿದ್ದು ಅಷ್ಟೇ. ಕಾಯಿ ಹೆರೆಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. ಹೊಸ್ತಿಲ ಹತ್ತಿರ ಕೂತು ಬಸಳೆ ಸೋಸುತ್ತಿದ್ದ ಅಕ್ಕ, ಅಂದರೆ ನನ್ನ ಗಂಡನ ಅಕ್ಕ, ಸೊಪ್ಪನ್ನು ಮೊರದಲ್ಲೇ ಬಿಟ್ಟು ಹಿತ್ತಲಿಗೆ ಎದ್ದುಹೋದಳು. ನಾನೇನು ಬೈಗುಳ ಆಡಿದೆನೋ ಎಂದು ನನಗೇ ಹೆದರಿಕೆಯಾಯಿತು. ಕಾರವಾರದ ಮಾಸ್ತರರ ಮಗಳು, ಕನ್ನಡ ಏಳನೆಯ ಇಯತ್ತೆ ಪಾಸಾದವಳು, ಮಾತಿಗೆ ಮಾತು ಕೊಡುವವಳು ಎಂದು ಮದುವೆಗೆ ಮುಂಚೆಯೇ ನನ್ನ ಹೆಸರು ಕೆಟ್ಟಿತ್ತು. ಮೂರೇ ದಿನಕ್ಕೆ ಮತ್ತೇನು ಮಾಡಿಕೊಂಡೆನಪ್ಪಾ!

ಅತ್ತೆ ಸಿಟ್ಟು ಮಾಡಲಿಲ್ಲ. ಹತ್ತಿರ ಕರೆದು, ಆ ಹೆಸರನ್ನು ಈ ಮನೆಯಲ್ಲಿ ಎತ್ತುವುದಿಲ್ಲ, ಅದನ್ನು ಅಕ್ಕ ದೇವರ ಮುಂದೆ ಬಿಟ್ಟಿದ್ದಾಳೆ ಎಂದು ಸಣ್ಣ ದನಿಯಲ್ಲಿ ಹೇಳಿದರು. ಹಾಗಾದರೆ ಅದಕ್ಕೆ ಏನನ್ನಬೇಕು ಎಂದು ಕೇಳಿದೆ. "ಬಿಟ್ಟದ್ದು ಅನ್ನು. ನಾವೆಲ್ಲ ಹಂಗೇ ಅಂಬುದು," ಅಂದರು.

ಅಕ್ಕನ ಗಂಡ ನಾಲ್ಕು ವರ್ಷದ ಹಿಂದೆ, ಆರು ತಿಂಗಳಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಅವಳನ್ನು ತವರಿನಲ್ಲಿ ಬಿಟ್ಟು, ಕಾರವಾರದಲ್ಲಿ ಆಗಬೋಟಿ, ಅದೇ ಉಗಿಹಡಗು, ಹತ್ತಿ ಮುಂಬಯಿಗೆ ಹೋದವರು. ಒಂದು ಕಾಗದ ಬಂತು, ಆಮೇಲೆ ಅದೂ ಇಲ್ಲ. ನನ್ನ ಗಂಡ ಅವರನ್ನು ಭಾವ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಅದು ಅಂಕೋಲೆಯ ಕಡೆ ಊರೂರಿನ ಗಂಡಸರು ಕರ ಕೊಡುವುದಿಲ್ಲವೆಂದು ಜೈಲಿಗೆ ಹೋದ ಕಾಲ. ಅವರು ಸುಖವಾಗಿ ಮನೆಗೆ ಬರಲಿ ಎಂದು ಒಬ್ಬೊಬ್ಬ ಹೆಂಗಸೂ ಒಂದೊಂದನ್ನು ಬಿಟ್ಟಿದ್ದಳು. ಒಬ್ಬಳು ರಾತ್ರಿಯ ಅನ್ನ ಬಿಟ್ಟಳು, ಒಬ್ಬಳು ಎಲೆಯಡಿಕೆ ಬಿಟ್ಟಳು, ನೆರೆಮನೆಯ ಮುದುಕಿ ಬಂಗಡೆ ಮೀನು ಬಿಟ್ಟು ಮಳೆಗಾಲವೆಲ್ಲ ಗೊಣಗಿದಳಂತೆ. ಅದೇ ಹೊತ್ತಿನಲ್ಲಿ ಅಕ್ಕ ಗಂಗಾವಳಿ ದಾಟಿ ಗೋಕರ್ಣಕ್ಕೆ ಹೋಗಿ, ಕೋಟಿತೀರ್ಥದಲ್ಲಿ ಮುಳುಗಿ ಎದ್ದು ಜೀರಿಗೆ ಬಿಟ್ಟೆ ಅಂದಳು. ಏಕೆ ಎಂದು ಯಾರೂ ಕೇಳಲಿಲ್ಲ. ಕೇಳುವುದೇನಿದೆ? ಗಂಡ ಬರಲಿ ಎಂದೇ ಬಿಟ್ಟದ್ದು. ಜೈಲಿಗೆ ಹೋದವರೆಲ್ಲ ಬಂದರು, ಬಿಟ್ಟವರೆಲ್ಲ ಬಿಟ್ಟದ್ದನ್ನು ತಿಂದರು. ಭಾವ ಒಬ್ಬರು ಬರಲಿಲ್ಲ, ಹೀಗಾಗಿ ಅಕ್ಕನ ಹರಕೆ ಮಾತ್ರ ಉಳಿಯಿತು.

ಅತ್ತೆಗೆ ಅದು ಬರೀ ಹರಕೆಯಲ್ಲ, ಮಗಳ ಬಾಳು. ಅದು ಮುರಿದರೆ ಅಳಿಯ ಬರುವುದಿಲ್ಲ ಎಂಬುದು ಅವರಿಗೆ ಹಗಲಿನಷ್ಟು ಖಾತ್ರಿ. ಮಾವನವರ ಹೊಟ್ಟೆ ಸೂಕ್ಷ್ಮ, ಜೀರಿಗೆಯಿಲ್ಲದೆ ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ದಿನಾ ಎರಡು ಪಾತ್ರೆಯಲ್ಲಿ ಸಾರು. ದೊಡ್ಡ ಪಾತ್ರೆಗೆ ಹಿತ್ತಾಳೆ ಸೌಟು, ಅಕ್ಕನ ಸಣ್ಣ ಪಾತ್ರೆಗೆ ಕಾಯಿಚಿಪ್ಪಿನ ಸೌಟು. ಆ ಸೌಟು ಈ ಪಾತ್ರೆಗೆ ತಾಗಿದರೆ ಅಷ್ಟೂ ಸಾರು ದನಕ್ಕೆ. ನನ್ನ ಮೊದಲ ತಿಂಗಳಲ್ಲಿ ನಮ್ಮ ಹಟ್ಟಿಯ ದನಗಳು ಬಹಳ ಸಾರು ಕುಡಿದವು.

ತಿನ್ನುವುದನ್ನು ಬಿಟ್ಟರೆ ಸರಿ, ಹೆಸರನ್ನೂ ಏಕೆ ಬಿಡಬೇಕು ಎಂದು ನನಗೆ ಅರ್ಥವಾಗಲಿಲ್ಲ. ಹೆಸರು ಕೇಳಿದರೆ ನಾಲಿಗೆಗೆ ಆಸೆ ಹುಟ್ಟುತ್ತದೆ ಎಂದು ಅತ್ತೆ ಹೇಳಿದರು. ಆಗಲಿ. ಆದರೆ ಆ ಹೆಸರು ಇರುವುದು ಒಂದೇ ಡಬ್ಬಿಯಲ್ಲೇ? ನಮ್ಮ ಗದ್ದೆಯ ಮೂಲೆಯಲ್ಲಿ ಹಬ್ಬಕ್ಕೆಂದು ಬೆಳೆಯುವ ಅಕ್ಕಿ ಜೀರಿಗೆ ಸಣ್ಣಕ್ಕಿ. ಬೇಲಿಯ ಮೇಲಿನ ಚಿಕ್ಕ ಮೆಣಸು ಜೀರಿಗೆ ಮೆಣಸು. ಉಪ್ಪಿನಕಾಯಿ ಭರಣಿಯಲ್ಲಿರುವ ಮಾವು ಜೀರಿಗೆ ಮಿಡಿ, ಅದರಲ್ಲಿ ಒಂದು ಕಾಳು ಜೀರಿಗೆ ಇಲ್ಲ, ಆದರೆ ಸೊನೆಯಲ್ಲಿ ಅದೇ ಪರಿಮಳ. ಅಕ್ಕ ಇವುಗಳಲ್ಲಿ ಯಾವುದನ್ನು ತಿನ್ನಬಹುದು? ಅತ್ತೆ ಯೋಚಿಸಿ ಒಂದು ತೀರ್ಪು ಕೊಟ್ಟಿದ್ದರು. ಅಕ್ಕಿಯನ್ನು ಬರೀ ಸಣ್ಣಕ್ಕಿ ಎಂದು ಕರೆದು ಉಣ್ಣಬಹುದು. ಮೆಣಸು ಬೇಡವೇ ಬೇಡ. ಮಿಡಿಯನ್ನು ಹೆಸರು ಎತ್ತದೆ ಬಡಿಸಿದರೆ ಅಡ್ಡಿಯಿಲ್ಲ. ಪರಿಮಳ ಇರುವುದನ್ನು ತಿನ್ನಬಹುದು, ಪರಿಮಳವೇ ಇಲ್ಲದ ಮೆಣಸನ್ನು ತಿನ್ನಬಾರದು! ಇದು ಯಾವ ಶಾಸ್ತ್ರವೋ ನನಗಂತೂ ತಲೆಬುಡ ತಿಳಿಯಲಿಲ್ಲ.

ಕಾರವಾರದ ನಮ್ಮ ಕೇರಿಯಲ್ಲಿ ಅರ್ಧ ಮನೆಗಳ ಮಾತು ಕೊಂಕಣಿ, ಅಲ್ಲಿ ಅದಕ್ಕೆ ಜಿರೆ ಅನ್ನುತ್ತಿದ್ದರು. ಜಿರೆ ಅಂದರೆ ಹರಕೆ ಮುರಿಯುತ್ತದೆಯೋ ಇಲ್ಲವೋ ಎಂದು ಗಂಡನನ್ನು ಕೇಳಿದೆ. ದೇವರಿಗೆ ಕೊಂಕಣಿ ಬರುವುದಿಲ್ಲವೇ ಎಂದೂ ಕೇಳಿದೆ. ಅವರು ತಲೆ ತಿನ್ನಬೇಡ ಎಂದು ಹೇಳಿ ಗದ್ದೆಗೆ ಹೋದರು.

ಅಕ್ಕನನ್ನೇ ಕೇಳುವ ಧೈರ್ಯ ನನಗೂ ಇರಲಿಲ್ಲ. ಅವಳು ಮಾತು ಕಡಿಮೆಯವಳು, ಆದರೆ ಮುಖ ಸಪ್ಪಗೆ ಮಾಡಿಕೊಂಡು ಕೂರುವವಳಲ್ಲ. ನಾಟಿಯಲ್ಲಿ ಅವಳ ಸಾಲು ಎಲ್ಲರಿಗಿಂತ ಮುಂದೆ. ಹಸುವಿನ ಜೊತೆ ತಮಾಷೆ ಮಾಡುತ್ತಿದ್ದಳು, ನನಗೆ ಅಬ್ಬಲಿಗೆ ದಂಡೆ ಕಟ್ಟಲು ಕಲಿಸಿದಳು. ಎಡಗೈಯ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು, ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದಂತೆ. ಗಂಡ ಬರಲೆಂದು ನಾಲ್ಕು ವರ್ಷದಿಂದ ಹರಕೆ ಹೊತ್ತವಳು ಇಷ್ಟು ಆರಾಮಾಗಿ ಹೇಗಿರುತ್ತಾಳೆ ಎಂದು ನಾನು ಅನುಮಾನಪಟ್ಟದ್ದುಂಟು. ದೇವರ ಮೇಲೆ ಅಷ್ಟು ಭರವಸೆ ಇರಬೇಕು, ನನ್ನಂಥವಳಿಗೆ ಅದು ಎಲ್ಲಿಂದ ತಿಳಿಯಬೇಕು ಎಂದು ನನ್ನನ್ನೇ ಬೈದುಕೊಂಡೆ.

ಮದುವೆಯಾದ ಮೊದಲ ಚೌತಿಗೆ ತವರಿಗೆ ಹೋದೆ. ಅಲ್ಲಿ ಅಪ್ಪನ ಮುಂದೆ ಇದನ್ನೆಲ್ಲ ಹೇಳಿ, ಜೀರಿಗೆ ಅಂದರೆ ನಿಜವಾಗಿ ಏನು ಎಂದು ಕೇಳಿದೆ. ಅಪ್ಪ ಮಾಸ್ತರರಲ್ಲವೇ, ಶಬ್ದದ ಅರ್ಥ ಹೇಳಿದರು. ಜೀರ್ಣ ಮಾಡುವುದು ಜೀರಿಗೆ. ಜೀರ್ಣ ಅಂದರೆ ಅರಗಿದ್ದು, ಹಳತಾದದ್ದು, ಸವೆದದ್ದು. ಮದುವೆಯಲ್ಲಿ ಗಂಡುಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುವುದು ಏಕೆಂದರೆ, ಎರಡನ್ನೂ ಕುಟ್ಟಿ ಕೂಡಿಸಿದ ಮೇಲೆ ಮತ್ತೆ ಬೇರೆ ಮಾಡಲು ಬರುವುದಿಲ್ಲ, ಅದಕ್ಕೆ. ನಾನು ಅರ್ಥ ಕೇಳಿದೆ, ಅಪ್ಪ ಅರ್ಥ ಹೇಳಿದರು, ಆದರೆ ನನಗೆ ಬೇಕಾದದ್ದು ಅದಲ್ಲ ಎಂದು ಅನಿಸಿತು. ಬೇಕಾದದ್ದು ಏನು ಎಂದೂ ಗೊತ್ತಿರಲಿಲ್ಲ.

ಮರಳುವಾಗ ಅಮ್ಮ ಒಂದು ಡಬ್ಬಿ ಸಾರಿನ ಪುಡಿ ಕೊಟ್ಟಳು. ಮೋಟಾರು ಬಿಣಗಾ ಘಟ್ಟ ಹತ್ತಿ ಇಳಿಯುವಷ್ಟರಲ್ಲಿ ನನಗೆ ಎರಡು ಸಲ ವಾಂತಿಯಾಯಿತು. ಚೆಂಡಿಯಾ ದಾಟುವಾಗ ಮಡಿಲಲ್ಲಿದ್ದ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಆ ಡಬ್ಬಿಯೊಳಗೆ ಏನೇನಿದೆ ಎಂದು ಒಂದು ಸಲವೂ ಯೋಚನೆ ಬರಲಿಲ್ಲ.

ಬಂದ ನಾಲ್ಕು ದಿನಕ್ಕೆ ಸೋಮವಾರ. ಮೀನಿಲ್ಲದ ದಿನ, ತೊಗರಿಬೇಳೆ ಸಾರು. ಅತ್ತೆಗೆ ಒಪ್ಪತ್ತು, ಅವರು ಒಲೆಯ ಕಡೆ ಬಂದಿರಲಿಲ್ಲ. ನಾನು ತವರಿನ ಪುಡಿಯ ಜಂಬದಲ್ಲಿ ದೊಡ್ಡ ಪಾತ್ರೆಗೊಂದು ಚಮಚ, ಸಣ್ಣ ಪಾತ್ರೆಗೊಂದು ಚಮಚ ಹಾಕಿದೆ. ದೊಡ್ಡ ಪಾತ್ರೆಗೆ ಎಂದಿನಂತೆ ಬಿಟ್ಟದ್ದರ ಒಗ್ಗರಣೆ, ಸಣ್ಣದಕ್ಕೆ ಬರೀ ಸಾಸಿವೆ. ಸೌಟುಗಳನ್ನೂ ಬೇರೆ ಬೇರೆ ಇಟ್ಟೆ. ಗಂಡಸರ ಊಟ ಮುಗಿದ ಮೇಲೆ ಅಕ್ಕ ಮತ್ತು ನಾನು ಕೂತೆವು.

ಮೊದಲ ತುತ್ತಿಗೇ ಅಕ್ಕನ ಕೈ ನಿಂತಿತು. ನನ್ನ ಕಡೆ ನೋಡಿದಳು. ಉಪ್ಪು ಹೆಚ್ಚಾಯಿತೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಉಣ್ಣತೊಡಗಿದಳು. ಅವಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು, ಸಾರು ಕೈಯಲ್ಲಿ ಹಾಕಿಸಿಕೊಂಡು ಹೀರಿದಳು, ಎಲೆ ಒರೆಸಿದಂತೆ ಮಾಡಿ ಎದ್ದಳು. ನನಗೆ ಹಿಗ್ಗೋ ಹಿಗ್ಗು, ನಮ್ಮಮ್ಮನ ಪುಡಿ ಅಂದರೆ ಸುಮ್ಮನೆಯೇ ಎಂದು.

ಸಣ್ಣ ಪಾತ್ರೆ ತಿಕ್ಕುವಾಗ ಕೈ ಮೂಸಿದೆ, ಆಗ ತಿಳಿಯಿತು. ಅಮ್ಮನ ಪುಡಿಯಲ್ಲಿ ಕೊತ್ತಂಬರಿಯಷ್ಟೇ ಜೀರಿಗೆ ಇರುತ್ತದೆ, ಹುರಿದು ಕುಟ್ಟಿದ ಜೀರಿಗೆ! ನಾನು ಕಾಳಿನ ಮೇಲೆ ಕಣ್ಣಿಟ್ಟುಕೊಂಡು ಪುಡಿಯನ್ನು ಮರೆತಿದ್ದೆ. ಅಕ್ಕನ ನಾಲ್ಕು ವರ್ಷದ ಹರಕೆಯನ್ನು ಒಂದು ಚಮಚದಲ್ಲಿ ಮುಳುಗಿಸಿದ್ದೆ. ಭಾವ ಇನ್ನು ಬರುವುದಿಲ್ಲ, ನನ್ನಿಂದಲೇ ಬರುವುದಿಲ್ಲ. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಅಕ್ಕನಿಗೆ ಗೊತ್ತಾಗಲಿಲ್ಲವೇ? ಗೊತ್ತಾಗದೆ ಹೇಗಿರುತ್ತದೆ? ಗೊತ್ತಾಗಿದ್ದರೆ ಉಗುಳಲಿಲ್ಲ ಏಕೆ? ಡಬ್ಬಿಯನ್ನು ಒಯ್ದು ತೆಂಗಿನ ಬುಡದಲ್ಲಿ ಹೂತು ಬಂದೆ. ಮೂರು ದಿನ ನನಗೆ ನಿದ್ದೆಯಿಲ್ಲ.

ಎಂಟನೆಯ ದಿನ ಭಾವ ಬಂದರು.

ಮಳೆಗಾಲದಲ್ಲಿ ನಿಂತಿದ್ದ ಆಗಬೋಟಿ ಮತ್ತೆ ಸುರುವಾಗಿತ್ತು. ಕಾರವಾರದಲ್ಲಿ ಇಳಿದು, ಮೋಟಾರಿನಲ್ಲಿ ಅಂಕೋಲೆಗೆ ಬಂದು, ಬಾಡಿಗೆ ಗಾಡಿ ಮಾಡಿಕೊಂಡು ಅಂಗಳಕ್ಕೆ ಬಂದರು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಮಾವನವರಿಗೆ ಛತ್ರಿ. ನೋಡಲು ಲಕ್ಷಣವಾಗಿದ್ದರು, ನಗುತ್ತ ಮಾತಾಡುವವರು. ನನ್ನನ್ನು ನೋಡಿ, ಮಾಸ್ತರರ ಮಗಳಂತೆ, ನಮಗೂ ಎರಡಕ್ಷರ ಕಲಿಸಬೇಕು ಎಂದು ತಮಾಷೆ ಮಾಡಿದರು. ಅತ್ತೆ ಅತ್ತರು, ನಕ್ಕರು, ದೇವರ ಮುಂದೆ ಅಡ್ಡಬಿದ್ದರು. ನಾನು ಕಂಬ ಹಿಡಿದು ನಿಂತುಬಿಟ್ಟೆ. ಹರಕೆ ಮುರಿದರೆ ಬರುವುದಿಲ್ಲ ಅಂದಿದ್ದರು, ಮುರಿದ ಎಂಟನೆಯ ದಿನಕ್ಕೇ ಬಂದಿದ್ದಾರೆ! ಹಾಗಾದರೆ ಹರಕೆ ಸುಳ್ಳೇ? ಪುಡಿಯಲ್ಲಿರುವುದು ಲೆಕ್ಕಕ್ಕಿಲ್ಲವೇ? ನನ್ನ ತಪ್ಪನ್ನು ದೇವರು ಹೊಟ್ಟೆಗೆ ಹಾಕಿಕೊಂಡನೇ? ಕಡೆಗೆ ಏನಾದರೇನು, ನಾನು ಬದುಕಿದೆ ಅನಿಸಿತು. ಖುಷಿಯಾಗಿ ಅಕ್ಕನನ್ನು ಹುಡುಕಿದೆ. ಅವಳು ಹಟ್ಟಿಯಲ್ಲಿ ಹಸುವಿನ ಪಕ್ಕ ನಿಂತಿದ್ದಳು. ಬಲಗೈಯಲ್ಲಿ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು.

ಮರುದಿನ ಬಿಟ್ಟದ್ದನ್ನು ತಿನ್ನಿಸುವ ಶಾಸ್ತ್ರ. ಯಾರಿಗಾಗಿ ಬಿಟ್ಟದ್ದೋ ಅವರ ಕೈಯಿಂದಲೇ ಮೊದಲ ತುತ್ತು ಬೀಳಬೇಕು. ಅತ್ತೆ ಜೀರಿಗೆ-ಬೆಲ್ಲ ಕುಟ್ಟಿ ವೀಳ್ಯದೆಲೆಯ ಮೇಲಿಟ್ಟು, ಮದುವೆಯ ಹಾಗೇ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿದರು. ಭಾವ ಅದನ್ನು ಅಕ್ಕನ ತಲೆಗೆ ಮುಟ್ಟಿಸಿ ಬಾಯಿಗೆ ಇಟ್ಟರು. ಅವಳು ಕಣ್ಣೆತ್ತದೆ ನುಂಗಿದಳು. ನಾಲ್ಕು ವರ್ಷ ಮುಚ್ಚಿಟ್ಟ ಹೆಸರನ್ನು ಅತ್ತೆ ಅಂದು ಹತ್ತು ಸಲ ಆಡಿದರು. ಜೀರಿಗೆ ತಾ, ಜೀರಿಗೆ ಹಾಕು, ಜೀರಿಗೆ ಕಷಾಯ ಮಾಡು. ಚಿಪ್ಪಿನ ಸೌಟನ್ನು ಬಚ್ಚಲೊಲೆಯ ಬೂದಿ ಬಳಿಯಲು ಇಟ್ಟುಬಿಟ್ಟರು.

ಮಾರನೆಯ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅಕ್ಕ ಮತ್ತು ನಾನು ಇಬ್ಬರೇ. ನನಗೆ ತಡೆಯಲಾಗಲಿಲ್ಲ. ಅವತ್ತಿನ ಸಾರಿನ ಪುಡಿಯಲ್ಲಿ ಅದು ಇತ್ತು, ತಿಳಿಯದೆ ಹಾಕಿದೆ, ಆದರೂ ಭಾವ ಬಂದರಲ್ಲ, ದೇವರು ದೊಡ್ಡವನು ಎಂದು ಒಂದೇ ಉಸಿರಿಗೆ ಹೇಳಿದೆ. ಅಕ್ಕ ಕೊಡ ಕೆಳಗಿಟ್ಟಳು.

"ನೀನು ಗೊತ್ತಿಲ್ದೆ ಹಾಕ್ದೆ ತಂಗಿ. ನಾನು ಗೊತ್ತಿದ್ದೇ ಉಂಡೆ," ಅಂದಳು. "ನಾಲ್ಕು ವರ್ಷ ಆಯ್ತು, ಇನ್ನೆಲ್ಲಿ ಬರ್ತಾರೆ ಅಂದ್ಕಂಡೆ. ಆಸೆ ಆಗೋಯ್ತು."

ನನಗೆ ಆಗಲೂ ತಿಳಿಯಲಿಲ್ಲ. ಬರಲಿ ಎಂದೇ ಅಲ್ಲವೇ ನೀವು ಬಿಟ್ಟದ್ದು ಎಂದೆ.

"ಅಲ್ಲ. ಬರೂದು ಬೇಡ ಅಂತ."

ಉಳಿದದ್ದನ್ನು ಅವಳು ನೀರು ಸೇದುತ್ತಲೇ ಹೇಳಿದಳು. ಮಣಿಕಟ್ಟು ಬಾವಿಕಟ್ಟೆಯಲ್ಲಿ ಮುರಿದದ್ದಲ್ಲ, ಭಾವ ಒನಕೆಯಿಂದ ಹೊಡೆದದ್ದು. ಅನ್ನ ಮುದ್ದೆಯಾಯಿತೆಂದು ಒಮ್ಮೆ, ಬಾಗಿಲು ತೆಗೆಯಲು ತಡವಾಯಿತೆಂದು ಒಮ್ಮೆ, ಏಕೆಂದೇ ತಿಳಿಯದೆ ಎಷ್ಟೋ ಸಲ. ತವರಿನಲ್ಲಿ ಬಿಟ್ಟುಹೋದಾಗ ಅವಳಿಗೆ ಮರುಹುಟ್ಟು ಬಂದ ಹಾಗಾಯಿತಂತೆ. ಮದುವೆ ಸುರುವಾದದ್ದು ತಲೆಯ ಮೇಲೆ ಬಿದ್ದ ಜೀರಿಗೆಯಿಂದ, ಅದನ್ನೇ ಬಿಟ್ಟರೆ ಮದುವೆಯೂ ಬಿಟ್ಟೀತು ಎಂದು ಗೋಕರ್ಣದಲ್ಲಿ ಬಿಟ್ಟಳು. ಬರಲಿ ಎಂದು ಬಿಟ್ಟಳೆಂದು ಎಲ್ಲರೂ ತಾವೇ ತಿಳಿದುಕೊಂಡರು, ಅವಳು ಅಲ್ಲವೆನ್ನಲಿಲ್ಲ. ನಾನು ಈಗಲೇ ಅತ್ತೆಗೆ ಹೇಳುತ್ತೇನೆ ಎಂದು ಎದ್ದೆ. ಅಕ್ಕ ನನ್ನ ಸೆರಗು ಹಿಡಿದಳು. "ಬೇಡ. ಅವ್ವಿ ನಂಬೂದಿಲ್ಲ. ನಂಬಿದ್ರೆ ಬದುಕೂದಿಲ್ಲ."

ಅಂದು ನಾನು ಗಂಡನಿಗಾದರೂ ಹೇಳಿದೆ. ಅವರ ಮುಖ ಕಪ್ಪಾಯಿತು, ಆದರೆ ಬಾಯಿಗೆ ಬಂದದ್ದು ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಗಾದೆ ಕಟ್ಟಿದವನು ಗಂಡಸೇ ಇರಬೇಕು, ಅವನ ಮಣಿಕಟ್ಟು ನೆಟ್ಟಗೇ ಇದ್ದಿರಬೇಕು ಎಂದೆ. ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಆದರೆ ನನ್ನ ಸಿಟ್ಟಿನಿಂದ ಆದದ್ದೇನು? ಏನೂ ಇಲ್ಲ.

ನಾಲ್ಕನೆಯ ದಿನ ಭಾವ ಅಕ್ಕನನ್ನು ಕರೆದುಕೊಂಡು ಮುಂಬಯಿಗೆ ಹೊರಟರು. ಅತ್ತೆ ಮಗಳಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬಿದರು, ಅದರ ಮೇಲೆ ಒಂದು ಜೀರಿಗೆಯ ಪೊಟ್ಟಣವನ್ನೂ ಇಟ್ಟರು. ಇಷ್ಟು ವರ್ಷ ಬಾಯಿ ಕಟ್ಟಿದ್ದೀ ಮಗಳೇ, ಇನ್ನು ಬೇಕಾದಷ್ಟು ತಿನ್ನು ಎಂದು ಕಣ್ಣೊರೆಸಿಕೊಂಡರು. ಅಕ್ಕ ಗಾಡಿ ಹತ್ತುವಾಗ ನನ್ನ ಕೈ ಒತ್ತಿದಳು. ಏನಾದರೂ ಹೇಳಿಯಾಳು ಎಂದು ಕಾದೆ, ಹಸುವಿಗೆ ಹಿಂಡಿ ಮರೆಯಬೇಡ ಅಂದಳು.

ಆ ದಿನ ಊಟಕ್ಕೆ ಕೂತಾಗ ಸಾರಿನ ಪರಿಮಳ ಬಂತು, ನನಗೆ ನುಂಗಲಾಗಲಿಲ್ಲ. ಬಚ್ಚಲಿಗೆ ಹೋಗಿ ಬೂದಿಯಲ್ಲಿದ್ದ ಚಿಪ್ಪಿನ ಸೌಟನ್ನು ತಂದು ಹುಣಸೆಹಣ್ಣು ಹಾಕಿ ತಿಕ್ಕಿದೆ. ಗೋಕರ್ಣವಿಲ್ಲ, ಭಟ್ಟರಿಲ್ಲ, ಒಲೆಯ ಮುಂದೆಯೇ ನಿಂತು ಜೀರಿಗೆ ಬಿಟ್ಟೆ ಎಂದೆ. ಬಿಟ್ಟೆ, ಆದರೆ ಏನು ಬೇಡಬೇಕು? ಅಕ್ಕ ಬರಲಿ ಅಂದರೆ ಭಾವನೂ ಜೊತೆಗೆ ಬರುತ್ತಾರೆ. ಅಕ್ಕ ಒಬ್ಬಳೇ ಬರಲಿ ಅಂದರೆ ಅವಳು ಬಳೆ ಒಡೆದುಕೊಂಡು ಬರಲಿ ಎಂದು ನಾನೇ ಶಾಪ ಹಾಕಿದ ಹಾಗಾಗುತ್ತದೆ. ಒಂದು ಹರಕೆಗೆ ಎರಡು ಅರ್ಥ ಹಚ್ಚಿ ನಾಲ್ಕು ವರ್ಷ ಕೆಟ್ಟಿದ್ದೆವು, ದೇವರಿಗೆ ಮತ್ತೆ ಗೊಂದಲ ಮಾಡಬಾರದು ಎಂದು ಬಿಡಿಸಿ ಹೇಳಿದೆ. ಅಕ್ಕ ಬರಲಿ, ಕೈತುಂಬ ಬಳೆ ಇರಲಿ, ಭಾವ ಬರುವುದು ಬೇಡ. ಇಂಥ ಹರಕೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆ ಕೇಳಿದಾಗ ಹೊಟ್ಟೆಗೆ ಸೇರುವುದಿಲ್ಲ ಎಂದು ಸುಳ್ಳು ಹೇಳಿದೆ. ಜೀರಿಗೆ ಹೊಟ್ಟೆಗೆ ಸೇರದವಳನ್ನು ಇವತ್ತೇ ಕಂಡೆ ಅಂದರು. ಮನೆಯಲ್ಲಿ ಮತ್ತೆ ಎರಡು ಪಾತ್ರೆ ಸಾರು ಸುರುವಾಯಿತು.

ಮರುವರ್ಷ ಮಳೆ ಮುಗಿದು ಮೊದಲ ಆಗಬೋಟಿ ಬಂದ ದಿನದ ಮಾರನೆಯ ಬೆಳಿಗ್ಗೆ ಅಕ್ಕ ಬಂದಳು. ಒಬ್ಬಳೇ ಬಂದಳು. ಕೈತುಂಬ ಬಳೆ ಇತ್ತು, ಬಲಗಿವಿಯ ಹತ್ತಿರ ಹೊಸ ಗಾಯದ ಗುರುತೂ ಇತ್ತು. ಕಾರವಾರಕ್ಕೆ ಬರುತ್ತಿದ್ದ ನೆರೆಯ ಹೆಂಗಸೊಬ್ಬಳ ಜೊತೆಗೆ, ಭಾವ ಕೆಲಸಕ್ಕೆ ಹೋದಾಗ ಹೊರಟು ಬಂದಿದ್ದಳು. ಅತ್ತೆ ಆ ಗಾಯವನ್ನು ನೋಡಿದರು, ಸೊಟ್ಟ ಮಣಿಕಟ್ಟನ್ನು ನೋಡಿದರು, ತುಂಬ ಹೊತ್ತು ನೋಡಿದರು. ಒಳಗೆ ಬಾ, ಕಾಲು ತೊಳೆ ಅಂದರು. ನನ್ನ ಗಂಡ ಅಂಗಳಕ್ಕೆ ಇಳಿದು ಅವಳ ಗಂಟನ್ನು ಎತ್ತಿಕೊಂಡು ಬಂದರು. ಭಾವ ಕರೆಯಲು ಬಂದರೆ ತಾನು ಇದೇ ಅಂಗಳದಲ್ಲಿ ನಿಂತಿರುತ್ತೇನೆ ಎಂದು ಯಾರಿಗೋ ಹೇಳಿದಂತೆ ಹೇಳಿದರು.

ನನ್ನ ಹರಕೆಯಿಂದ ಬಂದಳೋ, ಅವಳ ಕಾಲಿನ ಧೈರ್ಯದಿಂದ ಬಂದಳೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಂದು ಊಟಕ್ಕೆ ನಾವಿಬ್ಬರೇ ಉಳಿದಾಗ ಅಕ್ಕ ಒಲೆಯ ಮುಂದೆ ಕೂತಳು. ಎರಡು ಪಾತ್ರೆ ನೋಡಿದಳು. ಸಣ್ಣದರಲ್ಲಿ ತನ್ನ ಹಳೆಯ ಚಿಪ್ಪಿನ ಸೌಟು ಇರುವುದನ್ನು ನೋಡಿದಳು.

"ಯಾವಾಗ ಬಿಟ್ಟದ್ದು?" ಎಂದು ಕೇಳಿದಳು.

ನೀವು ಹೋದ ದಿನ ಎಂದೆ. ಭಾವ ಇನ್ನೂ ಇದ್ದಾರೆ, ಆಗಬೋಟಿ ಇನ್ನೂ ಇದೆ, ಹಾಗಾಗಿ ಈಗಲೇ ತಿನ್ನುವುದಿಲ್ಲ ಎಂದೂ ಹೇಳಿದೆ. ಅಕ್ಕ ಹೂಂ ಅಂದಳು. ಚಿಪ್ಪಿನ ಸೌಟನ್ನು ಎತ್ತಿ ನನಗೆ ಬಡಿಸಿದಳು. ಆಮೇಲೆ ಎದ್ದುಹೋಗಿ ಕೈ ತೊಳೆದುಕೊಂಡು ಬಂದು, ತನಗೆ ದೊಡ್ಡ ಪಾತ್ರೆಯಿಂದ ಜೀರಿಗೆ ಹಾಕಿದ ಸಾರನ್ನು ಬಡಿಸಿಕೊಂಡಳು.